ಕೈ ಮಾತ್ರ ಸಾಕು

ಹನ್ನೊಂದನೆಯ ಸಲವೂ ಹೀರೋನ ಕೈಯಿಂದ ಇಸ್ಪೀಟ್ ಎಲೆಗಳು ಉದುರಿದವು. ಹಳ್ಳಿಯವರಿಗೆ ಅಂದರ್ ಬಾಹರ್ ಜೂಜಾಡಿಸಿ ಬೋಳಿಸುವ ಇಬ್ಬರು ಖದೀಮರ ಕಾಮಿಡಿ ಸಿನಿಮಾ ಅದು. ಹೀರೋ ನಗಿಸಬಲ್ಲ, ಕುಣಿಯಬಲ್ಲ. ಎಲೆ ಕಲೆಸಲು ಮಾತ್ರ ಬಾರದು. ಕುರ್ಡಿಗೆ ಹೋಗುವ ದಾರಿಯ ಹಳೇ ಅಕ್ಕಿ ಗಿರಣಿಯಲ್ಲಿ ಶೂಟಿಂಗ್ ನೋಡಲು ನೆರೆದಿದ್ದ ಮಾನ್ವಿಯ ಜನಕ್ಕೆ ಇದನ್ನು ನೋಡಿ ಸಹಿಸಲಾಗಲಿಲ್ಲ.

“ನಮ್ಮ ಹುಲಗಪ್ಪನ್ನ ಕರಸ್ರಿ ಸರ. ಅವನ ಕೈಯಾಗ ಎಲಿ ಮಾತಾಡ್ತಾವ,” ಎಂದರು.

ಹುಲಗಪ್ಪ ಬಸ್ ಸ್ಟ್ಯಾಂಡ್ ಎದುರು ಮಿರ್ಚಿ ಕರಿಯುತ್ತಿದ್ದ. ಡೈರೆಕ್ಟರ್ ತಾವೇ ಬಂದು ಕೇಳಿದಾಗ ಅವನ ಮುಖ ಅರಳಿದ್ದೂ ನಿಜ, ಮರುಗಳಿಗೆ ಬಾಡಿದ್ದೂ ನಿಜ. ಇನ್ನು ಎಲೆ ಮುಟ್ಟುವುದಿಲ್ಲವೆಂದು ಹೆಂಡತಿಗೆ ಆಣೆ ಮಾಡಿ ಒಂಬತ್ತು ವರ್ಷವಾಗಿತ್ತು.

“ಇಕಿನ್ನ ಕೇಳ್ರಿ,” ಎಂದು ಹಿಟ್ಟು ಕಲೆಸುತ್ತಿದ್ದ ಅಯ್ಯಮ್ಮನ ಕಡೆ ಜಾರಿಸಿದ.

“ಕೈ ಮಾತ್ರ ಸಾಕಮ್ಮ. ಮುಖ ತೋರಿಸಲ್ಲ, ನಿಜವಾದ ಜೂಜೂ ಅಲ್ಲ,” ಎಂದರು ಡೈರೆಕ್ಟರ್.

“ಹಂಗಾರ ನಾನೂ ಬರ್ತೀನ್ರಿ. ನನ್ನ ಕಣ್ಣ ಮುಂದ ಆಗ್ಬೇಕು,” ಎಂದು ಅಯ್ಯಮ್ಮ ಒಲೆ ಆರಿಸಿದಳು.

ಹೀರೋನ ಜರಿ ಅಂಗಿ ಹುಲಗಪ್ಪನ ಹೊಟ್ಟೆಗೆ ಸಾಲಲಿಲ್ಲ. ತೋಳು ಮಾತ್ರ ಸರಿಹೋಯಿತು, ಕ್ಯಾಮೆರಾಕ್ಕೆ ಬೇಕಾದದ್ದೂ ಅಷ್ಟೇ. ರಾಣಿ ಒಳಗೆ ಬೀಳಲಿ ಎಂದರು ಡೈರೆಕ್ಟರ್. ಒಳಗೆ ಬಿತ್ತು. ಹೊರಗೆ ಎಂದರು. ಹೊರಗೆ ಬಿತ್ತು. ಸರಿಯಾಗಿ ಏಳನೆಯ ಎಲೆಗೆ ಎಂದರು. ಏಳನೆಯದಕ್ಕೇ ಬಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು. ಅಯ್ಯಮ್ಮ ಹೊಡೆಯಲಿಲ್ಲ. ಎದ್ದು ಬಂದು ಗಂಡನ ಎದುರು ನಿಂತಳು.

“ಖರೇ ಹೇಳು. ದಿನಾ ಸೋತು ಬಂದು ನಸೀಬ ಖೊಟ್ಟಿ ಅಂತ ಅಳ್ತಿದ್ದಿ. ಇಲ್ಲಿ ನೋಡಿದ್ರ ಅಂದದ್ದ ಎಲಿ ಬೀಳಸ್ತಿ. ಮತ್ತ ಅವಾಗ ಗೆದ್ದದ್ದೆಲ್ಲ ಯಾರ ಮನಿಗೆ ಮುಟ್ಟಿಸಿದಿ?”

“ಯಾರ ಮನೀನೂ ಇಲ್ಲ ಅಯ್ಯಮ್ಮ. ನಿನ್ನಾಣಿ.”

“ಆಣಿ ಬ್ಯಾಡ. ಮಾತ ಹೇಳು.”

ಕಿವಿಯ ಬೆಂಡೋಲೆ ಹೋದಾಗ, ಎರಡು ಆಡು ಹೋದಾಗ ಅವಳು ನಸೀಬನ್ನು ಬೈದು ಸುಮ್ಮನಾಗಿದ್ದಳು. ಈಗ ನಸೀಬಿನ ಜಾಗದಲ್ಲಿ ಇನ್ನೊಬ್ಬಳು ಇದ್ದಿರಬಹುದೆಂಬ ಯೋಚನೆ ಬಂದಿತ್ತು.

ಹುಲಗಪ್ಪ ಎಲೆಗಳನ್ನು ಕೆಳಗಿಟ್ಟ. ಮೋಸಗಾರ ಎನಿಸಿಕೊಂಡರೂ ಅವನಿಗೆ ಚಿಂತೆಯಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೊಂದನ್ನು ಅವನು ಇಷ್ಟು ವರ್ಷ ಮುಚ್ಚಿಟ್ಟಿದ್ದ. ಅದನ್ನೀಗ ಊರವರೆಲ್ಲರ ಮುಂದೆ ಬಾಯಿಬಿಡಬೇಕಾಯಿತು.

“ನಾ ಮೋಸ ಮಾಡ್ತಿದ್ದೆ, ಅದು ಖರೆ,” ಎಂದ ತಲೆ ತಗ್ಗಿಸಿ. “ಆದ್ರ ಎದುರಿಗೆ ಕುಂದ್ರತಿದ್ದನಲ್ಲ, ದೇವದುರ್ಗದ ಸುಂಕಪ್ಪ… ಅವಾ ನನಗಿಂತ ಚೊಲೋ ಮಾಡ್ತಿದ್ದ.”

ಗಿರಣಿಯ ತಗಡು ಹಾರಿಹೋಗುವಂತೆ ಜನ ನಕ್ಕರು. ಅಯ್ಯಮ್ಮ ಗಂಡನ ಮುಖವನ್ನೇ ದಿಟ್ಟಿಸಿದಳು. ಕೆಂಪಾಗಿದ್ದ ಆ ಮುಖ ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೂ ನಗು ಉಕ್ಕಿತು. ಅಲ್ಲೇ ಚೀಲವೊಂದರ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನ ಸೋಲು ಅವಳಿಗೆ ಸಂತೋಷ ಕೊಟ್ಟದ್ದು ಅದೇ ಮೊದಲು.

ಡೈರೆಕ್ಟರ್ ಪೆನ್ನು ಹಿಡಿದು ಓಡಿಬಂದರು. “ಅಮ್ಮ, ಇವರು ಈಗ ಹೇಳಿದರಲ್ಲ, ಆ ಮಾತನ್ನ ಸಿನಿಮಾದಲ್ಲಿ ಹಾಕಿಕೊಳ್ಳಲಾ?”

ಅಯ್ಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅದೊಂದ ಬ್ಯಾಡ್ರೀ ಸರ. ಕೈ ಬೇಕಾದಷ್ಟ ತೋರಸ್ರಿ. ಈ ಮನಷ್ಯಾ ಇಷ್ಟ ವರ್ಷದಾಗ ನನ್ನ ಮುಂದ ಇದೊಂದ ಖರೇ ಹೇಳ್ಯಾನ. ಅದು ನನ್ನ ಹತ್ರಾನ ಇರ್ಲಿ.”