ಸೋಮಿ ಕದ್ದ ಸಾಲು

ಸೋಮಿ ಮತ್ತೆ ಸಾಲು ಕದ್ದಳು. ಧಾರೇಶ್ವರದ ಮದುವೆ ಚಪ್ಪರದಲ್ಲಿ, ಅಷ್ಟು ಜನರ ಎದುರಿಗೆ.

ಹಾಡು ಹೇಳುವ ಪದ್ಧತಿ ಒಂದಿದೆ. ಹಿರಿಯಳಾದ ಗಣಪಿ ಸಾಲು ಎತ್ತಿ ಮುಗಿಸಬೇಕು. ಪಕ್ಕದಲ್ಲಿ ಕೂತ ಸೋಮಿ ಆಮೇಲೆ ಅದನ್ನೇ ಹೇಳಬೇಕು. ನಡುವೆ ಹಾಡು ತುಂಡಾದರೆ ಮದುಮಕ್ಕಳಿಗೆ ಒಳ್ಳೆಯದಲ್ಲ. ಈಗೀಗ ಸೋಮಿ ಕಾಯುವುದೇ ಇಲ್ಲ. ಸಾಲಿನ ಕೊನೆ ಗಣಪಿಯ ಬಾಯಲ್ಲಿರುವಾಗಲೇ ತನ್ನ ದನಿ ಸೇರಿಸಿಬಿಡುತ್ತಾಳೆ. ಅವಳಿಗೆ ಹಾಡು ಕಲಿಸಿದ್ದೇ ಗಣಪಿ. ಗುರುವಿಗೇ ತಿರುಮಂತ್ರ! ಸಿಟ್ಟಿಗೆ ಗಣಪಿಯ ತಲೆ ಗಿರ್ರೆಂದಿತು. ಊಟದ ಹೊತ್ತಿಗೆ ಜನ ಹೊಗಳಿದ್ದೂ ಸೋಮಿಯನ್ನೇ.

ಮರುದಿನ ಸೋಮಿಯೇ ಮನೆಗೆ ಬಂದಳು.

"ಗಣಪಕ್ಕ, ನಂಗೆ ಎದೆ ಹಿಡೀತದೆ. ಕುಮಟಾಕ್ಕೆ ಡಾಕ್ಟರ ಹತ್ರ ಹೋಗ್ಬೇಕು. ಒಬ್ಳೇ ಹೋಗೂಕೆ ಹೆದ್ರಿಕೆ, ನೀನೂ ಬಾ."

"ಆತು, ನಡೆ."

ಗಣಪಿಗೆ ಮರುಕ ಬರಲಿಲ್ಲ, ಖುಷಿಯಾಯಿತು. ಡಾಕ್ಟರು ಹಾಡಬೇಡ ಅಂದರೆ ಪೀಡೆ ತೊಲಗಿತು. ಚಪ್ಪರದ ಆ ಜಾಗ ಸಾಯುವವರೆಗೂ ತನ್ನದೇ.

ಆಸ್ಪತ್ರೆಯ ಮೆಟ್ಟಿಲಲ್ಲಿ ಸೋಮಿ ಎರಡು ಕಡೆ ನಿಂತಳು. ಗಣಪಿಯೂ ನಿಂತಳು. ರೋಗಿಯನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲವಲ್ಲ.

ಡಾಕ್ಟರ್ ಸುಪ್ರಿಯಾ ಸೋಮಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಬೇಗನೆ ತೆಗೆದರು.

"ಮದುವೆ ಹಾಡು ಹೇಳೂರು ನಾವು. ಬಂದದ್ದು ಬಂದಾತು, ನಮ್ಮಕ್ಕಂದೂ ನೋಡಿ," ಎಂದಳು ಸೋಮಿ.

ಗಟ್ಟಿ ಎದೆ ಹೇಗಿರುತ್ತದೆಂದು ತೋರಿಸಲು ಗಣಪಿ ನೆಟ್ಟಗೆ ಕೂತಳು. ಡಾಕ್ಟರು ಎದೆಯಲ್ಲಿ ಕೇಳಿದರು, ಕುತ್ತಿಗೆಯಲ್ಲಿ ಕೇಳಿದರು, ಮತ್ತೆ ಎದೆಗೆ ಬಂದರು. ಆಮೇಲೆ ಇಬ್ಬರಿಗೂ ಹೃದಯದ ಎಕೋ ಸ್ಕ್ಯಾನ್ ಮಾಡಿಸಿ ಕೂರಿಸಿಕೊಂಡರು.

"ಹೃದಯದಿಂದ ರಕ್ತ ಹೊರಗೆ ಹೋಗುವ ಬಾಗಿಲು ಗಡುಸಾಗಿದೆ. ಪೂರ್ತಿ ತೆರೆಯುವುದಿಲ್ಲ. ಆ ಕಿರಿದಾದ ದಾರಿಯಲ್ಲಿ ರಕ್ತ ತಳ್ಳಲು ಹೃದಯ ಒದ್ದಾಡುತ್ತಿದೆ. ಶ್ರಮವಾದರೆ ಉಸಿರು ಸಾಲುವುದಿಲ್ಲ, ತಲೆ ಸುತ್ತುತ್ತದೆ. ಆ ಬಾಗಿಲನ್ನು ಬದಲಿಸಬಹುದು. ಅಲ್ಲಿಯವರೆಗೆ ಹಾಡು ಬೇಡ."

ಗಣಪಿಗೆ ಹಾಲು ಕುಡಿದಷ್ಟು ಸಂತೋಷ. ಸೋಮಿಯ ಬೆನ್ನು ಸವರಿದಳು.

"ಹೆದರ್ಬೇಡ್ವೆ. ಹಾಡೆಲ್ಲ ನಾ ನೋಡ್ಕಳ್ತೆ."

"ಸೋಮಿಯ ಹೃದಯ ಚೆನ್ನಾಗಿದೆ," ಎಂದರು ಡಾಕ್ಟರು. "ನಾನು ಹೇಳಿದ್ದು ನಿಮ್ಮದು, ಗಣಪಿಯವರೇ. ಉಸಿರು ಸಾಲದೆ ಹೋಗುವುದು ಯಾವಾಗಿನಿಂದ?"

ಗಣಪಿ ಸೋಮಿಯ ಬೆನ್ನಿನಿಂದ ಕೈ ತೆಗೆದಳು. ಸೋಮಿ ತಲೆ ತಗ್ಗಿಸಿ ಉತ್ತರ ಕೊಟ್ಟಳು.

"ಹೋದ ಮಳೆಗಾಲದಿಂದ, ಅಮ್ಮಾ. ಸಾಲು ಮುಗಿಯೂಕಿಂತ ಮೊದ್ಲೇ ಉಸಿರು ಮುಗೀತದೆ. ಜನಕ್ಕೆ ತಿಳೀಬಾರ್ದು ಅಂತ ಆ ಕೊನೆಯಷ್ಟನ್ನ ನಾನೇ ಹೇಳ್ತಿದ್ದೆ."