ಅಪ್ಪನಿಗೆ ಎಲ್ಲಾ ಗೊತ್ತಾದ ಮೇಲೆ

"ಇನ್ನೊಂದ್ಸಲ ಹೀಗಾದ್ರೆ ಇದೇ ಕ್ಲಾಸಲ್ಲಿ ಮತ್ತೆ ಕೂರ್ಬೇಕಾಗುತ್ತೆ," ಎಂದು ಟೀಚರ್ ವಿಜ್ಞಾನದ ಉತ್ತರ ಪತ್ರಿಕೆಯನ್ನು ಮುಂದೆ ತಳ್ಳಿದರು. ಪತ್ರಿಕೆ ತುಂಬ ಕೆಂಪು ಗೀಟು. ಬ್ಲೇಡು ಮೊಂಡಾದ ದಿನ ಗಿರಾಕಿಗಳ ಕೆನ್ನೆ ಹೀಗೇ ಕಾಣುತ್ತದಲ್ಲ ಅಂದುಕೊಂಡ ಕ್ಷೌರಿಕ, ಮಗಳ ಪಕ್ಕದ ಪುಟ್ಟ ಬೆಂಚಿನಲ್ಲಿ ಮಂಡಿಯನ್ನು ಗಲ್ಲಕ್ಕೆ ಒತ್ತಿಕೊಂಡು ಕೂತಿದ್ದ.

"ಹೋದ ವರ್ಷ ಫಸ್ಟ್ ಬಂದಿದ್ಳು. ಮನೇಲಿ ಏನಾಯ್ತು?"

"ಏನೂ ಇಲ್ಲ ಟೀಚರ್. ದಿನಾ ಅಂಗಡೀಲೇ ಕೂರಿಸ್ಕೊಂಡು ಓದಿಸ್ತೀನಿ."

"ಓದಿಸ್ತಾರಂತೆ ಓದ್ಸೋದು!" ಮಗಳು ಸಿಡಿದಳು. "ಎಲ್ಲಾ ನಿಮ್ಮಿಂದ್ಲೇ ಟೀಚರ್. ಎಲ್ಲರ ಎದುರು 'ಇವಳ ಜಾಣತನದ ಹಿಂದೆ ಇವರಪ್ಪ ಇದ್ದಾರೆ' ಅಂದ್ರಲ್ಲ, ಅವತ್ತೇ ಕೆಟ್ಟುಹೋದ್ರು."

ಕೆಟ್ಟಿದ್ದು ನಿಜ. ಆ ಮಾತು ಕೇಳಿದ ಕ್ಷೌರಿಕ ಒಂದು ವಾರ ನೆಲಕ್ಕೆ ಕಾಲೂರದೆ ಗಾಳಿಯಲ್ಲೇ ಓಡಾಡಿದ. ಗಿರಾಕಿಗಳು "ಮೇಷ್ಟ್ರೇ" ಎನ್ನತೊಡಗಿದರು. ಅಕ್ಷರದ ನೆರಳೂ ತುಳಿಯದ ಮನುಷ್ಯ, ಅಂದಿನಿಂದ ಮಗಳು ಏನು ಹೇಳಹೊರಟರೂ "ಗೊತ್ತು ಗೊತ್ತು, ಮುಂದಕ್ಕೆ ಹೋಗು" ಎಂದು ಕತ್ತರಿ ಆಡಿಸುತ್ತಿದ್ದ.

"ಮೊದ್ಲು ಹೀಗಿರ್ಲಿಲ್ಲ," ಎಂದಳು ಮಗಳು. "ಕತ್ತೆಗಿಂತ ದಡ್ಡ ಇದ್ರು. ಒಂದು ಪಾಠಕ್ಕೆ ನೂರು ಪ್ರಶ್ನೆ. ಇವರ ತಲೆಗೆ ತುರುಕೋ ಹೊತ್ತಿಗೆ ನಂಗೆ ಅರೆದು ಕುಡಿದಂಗಾಗಿರ್ತಿತ್ತು."

ಟೀಚರ್ ಕನ್ನಡಕ ಇಳಿಸಿ ಕ್ಷೌರಿಕನನ್ನು ನೋಡಿದರು. "ಗುರುತ್ವಾಕರ್ಷಣೆ ಅಂದ್ರೆ ಏನು ಯಜಮಾನ್ರೇ?"

"ಅದಾ? ಬಹಳ ಒಳ್ಳೇದು ಟೀಚರ್. ಚಿಕ್ಕಂದಿನಿಂದ್ಲೇ ಅಭ್ಯಾಸ ಮಾಡಿಸ್ಬೇಕು."

"ಒಂದುಪಕಾರ ಮಾಡಿ," ಎಂದರು ಟೀಚರ್, ನಗು ನುಂಗಿ. "ಮತ್ತೆ ದಡ್ಡರಾಗಿ."

ಸಂಜೆ ಅಂಗಡಿಯ ಕುರ್ಚಿಯಲ್ಲಿ ಒಬ್ಬ ಗಿರಾಕಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ. ಮಗಳು ಪುಸ್ತಕ ತೆರೆದು, ಕನ್ನಡಿಯಲ್ಲಿ ಅಪ್ಪನ ಮುಖವನ್ನೇ ನೋಡುತ್ತ ಹೇಳಿದಳು:

"ಅಪ್ಪಾ, ಭೂಮಿ ದುಂಡಗಿದೆ."

"ನಮ್ಮ ಮೇಷ್ಟ್ರಿಗೆ ಅದೆಲ್ಲ ಗೊತ್ತಮ್ಮಾ," ಎಂದ ಗಿರಾಕಿ.

ಕ್ಷೌರಿಕನ ಮೀಸೆ ಕುಣಿಯಿತು. 'ಗೊತ್ತು' ನಾಲಿಗೆಯ ತುದಿಗೆ ಬಂದು ನಿಂತಿತ್ತು. ಕಹಿ ಮಾತ್ರೆಯಂತೆ ಅದನ್ನು ನುಂಗಿ, ಗಿರಾಕಿಯ ಒಂದು ಕೆನ್ನೆ ಬೋಳಿಸಿ ಮುಗಿಸಿ, ಕತ್ತಿ ಎತ್ತಿದ.

"ಹೋಗೇ, ಸುಳ್ಳುಬುರುಕಿ! ದುಂಡಗಿದ್ರೆ ಕೆಳಗಡೆ ಇರೋರ ಗಡ್ಡ ಹಣೆ ಕಡೆಗೆ ಯಾಕೆ ಜೋತು ಬೀಳಲ್ಲ?"

"ಅಯ್ಯೋ ದಡ್ಡಪ್ಪಾ!" ಮಗಳು ಖುಷಿಯಿಂದ ಸ್ಟೂಲು ಎಳೆದುಕೊಂಡಳು.

ಅರ್ಧ ಗಡ್ಡದ ಗಿರಾಕಿಯೂ ಕುರ್ಚಿ ತಿರುಗಿಸಿಕೊಂಡ. "ಹೌದಲ್ವಾ ಮಗೂ... ಯಾಕೆ?"