ಬೊಗಳದ ಪ್ರಾಣಿ

ಯಾರೋ ಅಪಾರ್ಟ್‌ಮೆಂಟ್ ಸಂಘಕ್ಕೆ ಹೆಸರಿಲ್ಲದ ದೂರು ಬರೆದಿದ್ದರಿಂದ ಪ್ರಫುಲ್ಲಾ ತನ್ನ ನಾಯಿಯನ್ನು ಬೇರೆಯವರಿಗೆ ಕೊಡಬೇಕಾಯಿತು.

"ಕೆಳಗಿನ ಮನೆ ಜಲಜಾಕ್ಷಮ್ಮಂದೇ ಕೆಲ್ಸ ಕಣೆ," ಎಂದ ಗಂಡ.

ಸೇಡಿಗೆಂದೇ ಅವಳು ಮೊಲದ ಮರಿಯಂಥ ಎರಡು ಗಿನಿಪಿಗ್‌ಗಳನ್ನು ಪಂಜರದಲ್ಲಿ ತಂದಳು. ಅಂಥ ಪ್ರಾಣಿಯನ್ನು ಸಾಕಿದ್ದು ಅದೇ ಮೊದಲು. "ಬೊಗಳಲ್ಲ ಮೇಡಂ. ಆದ್ರೆ ಸೊಪ್ಪಿನ ಕವರ್ ಸದ್ದಾದ್ರೆ ಸಾಕು, ಸೀಟಿ ಹೊಡ್ದಂಗೆ ಕಿರುಚ್ತಾವೆ," ಎಂದಿದ್ದ ಅಂಗಡಿಯವನು. ದಿನಾ ಬೆಳಗ್ಗೆ ಐದಕ್ಕೆ ಪ್ರಫುಲ್ಲಾ ಜಲಜಾಕ್ಷಮ್ಮನ ಕೋಣೆಯ ನೇರ ಮೇಲಿನ ಬಾಲ್ಕನಿಯಲ್ಲಿ ಕವರ್ ಅಲ್ಲಾಡಿಸುತ್ತಿದ್ದಳು. ಅವು ಕಿರುಚಿದಷ್ಟೂ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು.

ಹತ್ತನೇ ದಿನ ಜಲಜಾಕ್ಷಮ್ಮ ಮೇಲೆ ಬಂದರು. ನಿದ್ದೆಗೆಟ್ಟ ಕಣ್ಣುಗಳು ಕೆಂಪಗಿದ್ದವು.

"ನನ್ನ ನಾಯೀನ ಓಡಿಸ್ದಾಗ ಒಳ್ಳೇ ನಿದ್ದೆ ಬಂತಲ್ವಾ ಆಂಟಿ?"

"ನಾನಲ್ಲಮ್ಮಾ ಬರ್ದಿದ್ದು. ಸೆಕ್ರೆಟರಿನ ಕೇಳಿ ಆ ಕಾಗದಾನೇ ತಂದಿದೀನಿ. ಅಕ್ಷರ ನೀನೇ ನೋಡು," ಎಂದು ಅದನ್ನು ಅವಳ ಕೈಗಿಟ್ಟು ಅವರು ಇಳಿದುಹೋದರು.

ಪ್ರಫುಲ್ಲಾ ಕಾಗದವನ್ನು ಎರಡು ಸಲ ಓದಿದಳು.

ಸಂಜೆ ಗಂಡ ಬಂದಾಗ ಪಂಜರ ಅವನ ದಿಂಬಿನ ಪಕ್ಕದಲ್ಲಿತ್ತು. ಅದರ ಮೇಲೆ ಅವನದೇ ಕೈಬರಹದ ದೂರು.